ಮೂರನೇ ವಾರದ ಬಯಕೆ

ನನ್ನ ಗಂಡನ ಸೋದರತ್ತೆ ಬರುವುದನ್ನು ಕಂಡರೆ ದುಬೈಯಿಂದ ಅಬುಧಾಬಿಯವರೆಗಿನ ನಮ್ಮೂರ ಹೊಸ ಸೊಸೆಯಂದಿರೆಲ್ಲ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯುತ್ತಾರೆ! ಅತ್ತೆಯೇನು ಬೈಯುತ್ತಾರೆಯೇ? ಖಂಡಿತ ಇಲ್ಲ. ಕುಶಲ ವಿಚಾರಿಸುತ್ತಾರೆ, ಅಷ್ಟೇ. ಆದರೆ ಆ ಕುಶಲ "ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿದ್ಯಾ? ಬಸುರಾಗುವ ಮೊದಲೇ ನುಂಗ್ಬೇಕು!" ಎಂದೇ ಆರಂಭವಾಗುತ್ತದೆ. ಒಮ್ಮೆ ರಿಸೆಪ್ಶನ್ನಿನ ವೇದಿಕೆಯಲ್ಲಿ, ಫೋಟೊಗೆ ನಿಂತುಕೊಂಡೇ, ಮದುಮಗಳನ್ನು ಹೀಗೆ ಕೇಳಿಬಿಟ್ಟರು. ಆ ಆಲ್ಬಮ್ಮಿನಲ್ಲಿ ಮದುಮಗನ ಬಾಯಿ ಇವತ್ತಿಗೂ ತೆರೆದೇ ಇದೆ.

ದುಬೈಯ ಊದ್ ಮೇಥಾದಲ್ಲಿರುವ ಅವರ ಬಾಲ್ಕನಿಯಲ್ಲಿ ಅಕ್ಕಿಚೀಲಗಳಿಗೆ ಮಣ್ಣು ತುಂಬಿ ಬಸಳೆ, ಹರಿವೆ ಬೆಳೆಸಿದ್ದಾರೆ. ಅವಕ್ಕೆ ಎಸಿಯಿಂದ ತೊಟ್ಟಿಕ್ಕುವ ನೀರು. ಅಲ್ಲಿ ಜಾಗವಿಲ್ಲದೆ ಅತ್ತೆಯ ಗಂಡನ ಅಂಗಿಗಳು ಪಾಪ, ಸೋಫಾದ ಮೇಲೆ ಒಣಗುತ್ತವೆ.

ನಾನು ಮದುವೆಯಾಗಿ ಅಬುಧಾಬಿಗೆ ಬಂದ ಮೂರನೇ ವಾರ, ಅತ್ತೆ ಬಸ್ಸಿನಲ್ಲಿ ಸೊಪ್ಪಿನ ಕಟ್ಟು ಹೊತ್ತು ಬಂದಿಳಿದರು.

"ನಾಡಿದ್ದು ಭಾನುವಾರ ನಿನ್ನ ಬಯಕೆ."

"ಅತ್ತೆ, ಬಯಕೆ ಊಟ ಬಸುರಿಗೆ, ಏಳನೇ ತಿಂಗಳಲ್ಲಿ! ನಾನಿನ್ನೂ..."

"ಏಳನೇ ತಿಂಗಳಲ್ಲಿ ತಿನ್ನಿಸಿ ಎಂತ ಪ್ರಯೋಜನ ಮಾರಾಯ್ತಿ? ಮಗುವಿನ ಬೆನ್ನು ಕೂಡಿಕೊಳ್ಳುವುದು ಮೊದಲ ತಿಂಗಳಲ್ಲಿ. ಬಸುರು ಅಂತ ನಮಗೆ ಗೊತ್ತಾಗುವಾಗ ಖಲಾಸ್! ಸೊಪ್ಪೂ ಬೇಕು, ಮಾತ್ರೆಯೂ ಬೇಕು, ಈಗಲೇ ಬೇಕು."

ಭಾನುವಾರ ನನಗೆ ಹಸಿರು ಸೀರೆ, ತಲೆತುಂಬ ಮಲ್ಲಿಗೆ. ಬಸಳೆ, ಹರಿವೆ, ಹೆಸರುಕಾಳು ಎಲ್ಲ ಬಡಿಸಿಯಾದ ಮೇಲೆ ಪಾಯಸದ ಪಕ್ಕದಲ್ಲಿ, ಬೆಳ್ಳಿ ಬಟ್ಟಲಿನಲ್ಲಿ, ಡಾಕ್ಟರು ಬರೆದುಕೊಟ್ಟ ಒಂದೇ ಒಂದು ಮಾತ್ರೆ! ಪಕ್ಕದ ಫ್ಲ್ಯಾಟಿನ ಕೊಂಕಣಿ ಅಮ್ಮ ನನ್ನ ಫೋಟೊ ತೆಗೆದರು. ಅದು ವಾಟ್ಸ್ಯಾಪಿನಲ್ಲಿ ಹಾರಿ ಸಂಜೆಯೊಳಗೆ ಉಡುಪಿ ತಲುಪಿತು. ನನ್ನ ಗಂಡನ ಅಮ್ಮನ ಫೋನು ಬಂತು.

"ಮದುವೆಯಾಗಿ ಮೂರು ವಾರ. ಏಳು ತಿಂಗಳ ಬಯಕೆ. ಇದೆಂತ ಲೆಕ್ಕ?"

ಫೋನನ್ನು ನನ್ನ ಕೈಗೆ ತುರುಕಿ, ಕಸ ಹಾಕಿ ಬರುತ್ತೇನೆಂದು ಹೋದ ನನ್ನ ಗಂಡ ಒಂದು ಗಂಟೆ ನಾಪತ್ತೆ! ಅವತ್ತು ನನಗೆ ಅತ್ತೆಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರಿಗೆ ಅದರ ಪರಿವೆಯೇ ಇಲ್ಲ. ಮರುದಿನದಿಂದ ಬೆಳಿಗ್ಗೆ ಏಳಕ್ಕೆ ವಿಡಿಯೊ ಕಾಲ್.

"ನುಂಗಿದ್ಯಾ? ನಾಲಿಗೆ ತೋರಿಸು! ಎತ್ತಿ ತೋರಿಸು! ಹಾಂ, ಯಲ್ಲಾ, ಹೊರಡು, ಕೆಲಸ ನೋಡು."

ಐದು ತಿಂಗಳು ಕಳೆದು ನಿಜವಾಗಿಯೂ ಬಸುರಿಯಾದೆ. ಆಮೇಲೆ ಮಗುವಿನ ಬೆನ್ನು ನೋಡುವ ಸ್ಕ್ಯಾನಿಗೆ ಮಲಗಿದಾಗ, ಅಷ್ಟು ಸಿಟ್ಟಾಗಿದ್ದವಳು ನುಂಗಿದ ಮಾತ್ರೆಗಳನ್ನು ಮನಸ್ಸಿನಲ್ಲೇ ಎಣಿಸತೊಡಗಿದೆ. ಡಾಕ್ಟರಮ್ಮ ಎರಡು ನಿಮಿಷ ಪರದೆ ನೋಡಿದರು. "ಬೆನ್ನು ಚೆನ್ನಾಗಿದೆ" ಅಂದರು. ಮೊದಲು ಫೋನು ಮಾಡಿದ್ದು ಅತ್ತೆಗೆ.

ಮಗಳು ಹುಟ್ಟಿದ ಮರುದಿನ ಅತ್ತೆ ಬಂದರು. ಮೂಗು ಯಾರದು, ಬಣ್ಣ ಯಾರದು, ಒಂದೂ ಕೇಳಲಿಲ್ಲ. ಮಗುವನ್ನು ಮಡಿಲಲ್ಲಿ ಮೆಲ್ಲಗೆ ಕವುಚಿ ಹಾಕಿ, ಕುತ್ತಿಗೆಯಿಂದ ಸೊಂಟದವರೆಗೆ ಒಂದು ಬೆರಳು ಎಳೆದರು.

"ಮುಖ ಆ ಕಡೆ ಉಂಟು ಅತ್ತೆ!" ಎಂದು ನಕ್ಕೆ.

"ನನ್ನ ಮೊದಲನೆಯವಳ ಬೆನ್ನು ಕೂಡಿರಲಿಲ್ಲ" ಅಂದರು. "ಹನ್ನೊಂದು ದಿನ ಇದ್ದಳು. ಮಾತ್ರೆ ತಗೊಂಡಿದ್ದರೆ ಸರಿಯಾಗ್ತಿತ್ತೋ ಏನೋ, ಡಾಕ್ಟರಿಗೂ ಹೇಳ್ಲಿಕ್ಕೆ ಆಗ್ಲಿಲ್ಲ. ಆದರೆ ನನಗೆ ಮೊದಲೇ ಯಾರೂ ಹೇಳಿರಲಿಲ್ಲ ನೋಡು."

ಮಗುವನ್ನು ತಿರುಗಿಸಿ ನನ್ನ ಕೈಗೆ ಕೊಟ್ಟು, ಚೀಲದಿಂದ ಹರಿವೆ ತೆಗೆಯತೊಡಗಿದರು. ನನಗೆ ಅಳು ತಡೆಯಲಾಗಲಿಲ್ಲ. ಆ ಸೊಪ್ಪನ್ನು ಅವರ ಕೈಯಿಂದ ಬಿಡಿಸಿ ಬದಿಗಿಟ್ಟೆ. ಮಗಳನ್ನು ಮತ್ತೆ ಅವರ ಮಡಿಲಲ್ಲಿ ಕವುಚಿ ಮಲಗಿಸಿ ಹೇಳಿದೆ: "ಇನ್ನೊಮ್ಮೆ ನೋಡಿ ಅತ್ತೆ."