ದಿವಾನರ ಮನೆಯವರು

“ಮಜ್ಜಿಗೆ ಅನ್ನೋ ಮಾತೇ ಇವತ್ತು ಈ ಮನೇಲಿ ಎತ್ತಬೇಡ ಕಣೇ!” ಚನ್ನರಾಯಪ್ಪ ಹೆಂಡತಿಗೆ ಕೈಮುಗಿದರು.

“ನಾವು ಹುಳಿಮಜ್ಜಿಗೆಯವರು ಅಂತ ವಕ್ಕಲೇರಿ ಊರಿಗೆಲ್ಲಾ ಗೊತ್ತು. ಬೀಗರಿಗೆ ಮುಚ್ಚಿಡೋಕಾಗತ್ತೇನ್ರೀ?” ಎಂದರು ಗಂಗರತ್ನಮ್ಮ.

“ಮುತ್ತಾತ ಯಾವುದೋ ಮದುವೇಲಿ ಹುಳಿಮಜ್ಜಿಗೆ ಬಡಿಸಿದ್ದಕ್ಕೆ ನಾವ್ಯಾಕೆ ಆ ಹೆಸರು ಹೊರಬೇಕು? ಮಾಲೂರಿನ ಪಂಡಿತರು ಮನೆತನದ ಮೂಲ ನೋಡಿ ಹೇಳಿದಾರೆ. ನಾವು ದಿವಾನರ ಮನೆಯವರು!”

“ಯಾವ ರಾಜನ ಹತ್ರ?”

“ಅಷ್ಟು ಆಳಕ್ಕೆ ಹೋಗ್ಲಿಲ್ಲ ಕಣೇ.”

“ಎರಡೂ ಹೊತ್ತು ಡೈರಿಗೆ ಹಾಲಿನ ಕ್ಯಾನ್ ಹೊರೋ ದಿವಾನರು!”

ಬಾಗಿಲಲ್ಲಿ ಕೆಮ್ಮು ಕೇಳಿಸಿತು. ದೇವರಾಯಸಮುದ್ರದ ಕಾಂತರಾಜ್, ಗಂಡಿನ ತಂದೆ. ಅವರ ಮಗ ವೆಂಕಟ್‌ಗೆ ಈ ಮನೆಯ ಮೌನಿಕಾ ಒಪ್ಪಿಗೆ, ಮೌನಿಕಾಗೆ ವೆಂಕಟ್ ಒಪ್ಪಿಗೆ. ಹಿರಿಯರು ಮನೆತನ ಕೇಳಿ ತಾಂಬೂಲ ಬದಲಾಯಿಸಿಕೊಳ್ಳುವುದೊಂದೇ ಬಾಕಿ. ಮನೆತನ ಒಂದೇ ಆದರೆ ದಾಯಾದಿಗಳು; ಹುಡುಗ ಹುಡುಗಿ ಅಣ್ಣ-ತಂಗಿ.

“ಬೀಗರೇ, ಶಾಸ್ತ್ರಕ್ಕೆ ಕೇಳ್ತೀನಿ. ನಿಮ್ಮ ಮನೆತನ?” ಕುರ್ಚಿಯಲ್ಲಿ ಕೂತು ಕಾಂತರಾಜ್ ಕೇಳಿದರು.

ಚನ್ನರಾಯಪ್ಪ ಟವೆಲ್ ಕೊಡವಿ ಹೆಗಲಿಗೇರಿಸಿದರು. “ದಿವಾನರ ಮನೆಯವರು!”

ಕಾಂತರಾಜ್ ಕುರ್ಚಿ ಬಿಟ್ಟು ಎದ್ದೇಬಿಟ್ಟರು. “ದೇವುಡಾ! ನಾವೂ ದಿವಾನರ ಮನೆಯವರೇ!”

ಒಳಗೆ ಮೌನಿಕಾ ಕೈಯಿಂದ ತಟ್ಟೆ ಬಿತ್ತು.

“ಬೀಗರೇ ಅಂದ ಬಾಯಲ್ಲೇ ಅಣ್ಣಾ ಅನ್ನಬೇಕಾಯ್ತಲ್ಲ! ಈ ಸಂಬಂಧ ಆಗಲ್ಲ. ಬರ್ತೀನಿ ಅಣ್ಣಾ.”

ಗಂಗರತ್ನಮ್ಮ ಬಾಗಿಲಿಗೆ ಅಡ್ಡ ನಿಂತರು. “ಕೂತ್ಕೊಳ್ಳಿ! ದಿವಾನರು ಅಂತ ನಿಮಗೆ ಯಾರು ಹೇಳಿದ್ದು?”

“ಮಾಲೂರಿನ ಪಂಡಿತರು…”

“ಬಿಳಿ ಗಡ್ಡ, ಬಾಯಿ ತುಂಬ ಎಲೆಅಡಿಕೆ?”

“ಅವರೇ!”

“ಅವರನ್ನು ಕೇಳಿದ್ರೆ ಜಿಲ್ಲೇಲಿ ಎಲ್ಲಾರೂ ದಿವಾನರೇ, ರಾಗಿ ಬೆಳೆಯೋರು ಒಬ್ಬರೂ ಇಲ್ಲ. ಅವರ ಹತ್ರ ಹೋಗೋಕೆ ಮುಂಚೆ ಏನಾಗಿದ್ರಿ?”

ಕಾಂತರಾಜ್ ನೆಲ ನೋಡಿದರು. “ಗೊರಕೆಯವರು. ನಮ್ಮ ತಾತ ಕೆರೆ ತೂಬು ಕಾಯ್ತಾ ಮಲಗಿಬಿಟ್ಟ. ನೀರೆಲ್ಲಾ ಪಕ್ಕದೂರಿನ ಗದ್ದೆ ಪಾಲು. ಗೊರಕೆ ಸದ್ದು ಹಿಡಿದೇ ಊರೋರು ಅವನನ್ನ ಹುಡುಕಿದ್ದು.”

ಚನ್ನರಾಯಪ್ಪ ಹಿಗ್ಗಿ ಕೂಗಿದರು: “ನಾವು ಹುಳಿಮಜ್ಜಿಗೆಯವರು! ಬೇರೆ ಮನೆತನ!”

“ಮದುವೆ ಆಗ್ಲಿ ಅಂತ ಸುಳ್ಳು ಹೇಳ್ತಿಲ್ಲ ತಾನೇ?” ಎಂದರು ಕಾಂತರಾಜ್.

ಗಂಗರತ್ನಮ್ಮ ಒಳಗಿಂದ ಒಂದು ಲೋಟ ಮಜ್ಜಿಗೆ ತಂದಿಟ್ಟರು. ಮೊದಲ ಗುಟುಕಿಗೇ ಕಾಂತರಾಜ್‌ಗೆ ಒಂದು ಕಣ್ಣು ಮುಚ್ಚಿಹೋಯಿತು.

“ಸಾಕಮ್ಮಾ, ನಂಬಿದೆ! ಬೀಗರೇ, ತಾಂಬೂಲ ತನ್ನಿ.”

“ಇರಿ,” ಎಂದರು ಗಂಗರತ್ನಮ್ಮ. “ಹೆಣ್ಣಿನ ಕಡೆಯೋರು ಮಾತ್ರ ಸಾಕ್ಷಿ ಕೊಟ್ರೆ ಆಯ್ತಾ? ನಿಮ್ಮದು?”

“ಊಟ ಆದಮೇಲೆ ಒಂದು ಚಾಪೆ ಹಾಸಿಕೊಡಿ.”