ಸಕ್ಕರೆ ಬಿಡಿಸಲು ಬಂದ ಗಿಡ

ಕೆಲವರ ಮನೆಗೆ ಕಷ್ಟ ಬಂದರೆ ಕಷ್ಟವಾಗಿಯೇ ಬರುತ್ತದೆ. ನಮ್ಮ ಮನೆಗೆ ಬರುವ ಕಷ್ಟ ಮಾತ್ರ ಹೊಸಿಲು ದಾಟುವಷ್ಟರಲ್ಲಿ ಎಡವಿ ಬಿದ್ದು ನಗೆಪಾಟಲಾಗುತ್ತದೆ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ಇದೇಕೆ ಹೀಗೆ ಎಂದು ನನಗೆ ತಿಳಿದಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮವರಿಗೆ ಧಾರವಾಡದಿಂದ ನಾಸಿಕಕ್ಕೆ ಬ್ಯಾಂಕಿನ ವರ್ಗವಾಗಿ, ಪಂಚವಟಿಯಲ್ಲಿ ಹಲವು ಸಂಸಾರಗಳಿದ್ದ ಹಳೆಯ ವಾಡೆಯೊಂದರಲ್ಲಿ ಬಾಡಿಗೆಗಿದ್ದೆವು. ನಮ್ಮವರು, ನಾನು, ನಮ್ಮ ಅತ್ತೆ, ಮೂರೇ ಜನ. ನಾನು ಚಹಾ ಮುಟ್ಟುವವಳಲ್ಲ. ನಮ್ಮವರಿಗೋ ಸಿಹಿಯೆಂದರೆ ಪ್ರಾಣ. ಅವರು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುತ್ತಿರಲಿಲ್ಲ, ಸಕ್ಕರೆಗೆ ಚಹಾ ಹಾಕಿಕೊಳ್ಳುತ್ತಿದ್ದರು. ಕೊನೆಗೆ ಸಕ್ಕರೆಗೂ ಅವರ ಮೇಲೆ ಪ್ರೀತಿ ಹುಟ್ಟಿ ರಕ್ತದಲ್ಲೇ ಮನೆ ಮಾಡಿತು. "ಮುಂದಿನ ತಪಾಸಣೆಯೊಳಗೆ ಇಳಿಯದಿದ್ದರೆ ದಿನಾ ಸೂಜಿ ಚುಚ್ಚಬೇಕಾಗುತ್ತದೆ" ಎಂದರು ಡಾಕ್ಟರು. ಸೂಜಿಯೆಂದರೆ ನಮ್ಮವರ ಎದೆ ಝಲ್ಲೆನ್ನುತ್ತದೆ. ನನ್ನ ಹೆದರಿಕೆ ಬೇರೆ. ನನ್ನ ತಂದೆಯ ಕಣ್ಣು ಇದೇ ರೋಗಕ್ಕೆ ಹೋದದ್ದನ್ನು ಹತ್ತಿರದಿಂದ ನೋಡಿದವಳು ನಾನು.

ಗೋಡಿ

ಬ್ಯಾಂಕಿಗೆ ಬರುತ್ತಿದ್ದ ನಿಫಾಡದ ದ್ರಾಕ್ಷಿ ಬೆಳೆಗಾರರೊಬ್ಬರಿಗೆ ಈ ಸುದ್ದಿ ಮುಟ್ಟಿತು. ಒಂದು ಸಂಜೆ ಅವರು ಹೂವಿನ ಕುಂಡದಲ್ಲಿ ಒಂದು ಸಣ್ಣ ಗಿಡ ಹಿಡಿದು ಮನೆಗೇ ಬಂದರು. ನಾನು ತರಕಾರಿಗೆ ಹೋಗಿದ್ದೆ, ನಮ್ಮವರು ಬ್ಯಾಂಕಿನಲ್ಲಿದ್ದರು. ಮನೆಯಲ್ಲಿದ್ದವರು ಅತ್ತೆಯವರೊಬ್ಬರೇ, ಅವರಿಗೆ ಮರಾಠಿಯ ಗಂಧಗಾಳಿ ಇಲ್ಲ.

ಬಂದವರು ಹೇಳಿದ್ದು: "ಆಜೀ, ಹ್ಯಾಲಾ ಲಯ್ ಗೋಡೀ ಆಹೇ. ಚಹಾತ್ ಟಾಕಾ." ಅಂದರೆ, ಅಜ್ಜಿ, ಇದಕ್ಕೆ ಬಹಳ ಸಿಹಿಯಿದೆ, ಚಹಾದಲ್ಲಿ ಹಾಕಿ. ಮರಾಠಿಯ ಗೋಡೀ ಎಂದರೆ ಸಿಹಿ. ನಮ್ಮ ಧಾರವಾಡದ ಕಡೆ ಗೋಡಿ ಎಂದರೆ ಗೋಡೆ.

ನಾನು ಬಂದು ನೋಡಿದರೆ ಕುಂಡ ಅಡಿಗೆಮನೆಯ ಗೋಡೆಗೆ ಒತ್ತಿ ನಿಂತಿತ್ತು. ಮರುದಿನ ಮುಂಜಾನೆ ಅತ್ತೆಯವರು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಬುಡಕ್ಕೆ ಬಟ್ಟಲಿನಿಂದ ಚಹಾ ಹನಿಸುತ್ತಿದ್ದರು.

"ಇದೇನ್ರಿ ಅತ್ಯಾ?"

"ನಿನ್ನಿ ಬಂದಾಂವ ಹೇಳಿಹೋದ್ನಲ್ಲ, ಗೋಡಿಗೆ ಇಡ್ರಿ, ಚಹಾ ಹಾಕ್ರಿ ಅಂತ. ಈ ಊರಾಗ ಗಿಡಕ್ಕೂ ಚಹಾದ ಚಟಾ ಹತ್ತಿಸ್ಯಾರ ನೋಡವಾ!"

ಅದೂ ಏಲಕ್ಕಿ, ಸಕ್ಕರೆ ಹಾಕಿದ ಚಹಾ. ನಮ್ಮವರು ಬಾಗಿಲಲ್ಲಿ ನಿಂತು ಆ ಗಿಡವನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದರು.

ಮಿಸಳ್

ಅಂದೇ ನಮ್ಮವರು ಬೆಳೆಗಾರರಿಗೆ ಫೋನು ಮಾಡಿ ಎಲ್ಲ ಕೇಳಿಕೊಂಡರು. ಗಿಡದ ಹೆಸರು ಸ್ಟೀವಿಯಾ. ಎಲೆಯೇ ಸಿಹಿ, ಅದರಿಂದ ರಕ್ತದಲ್ಲಿ ಸಕ್ಕರೆ ಏರುವುದಿಲ್ಲವಂತೆ. ಕೇಳಿದ್ದೇ ತಡ, ಅವರು ಕುಣಿದಾಡಿಬಿಟ್ಟರು. ನನಗೂ ಎಲ್ಲಿಲ್ಲದ ಹುರುಪು ಬಂತು. ಸಕ್ಕರೆ ಡಬ್ಬಿ ತೊಳೆದು ಬೋರಲು ಹಾಕಿ, "ಇನ್ನ ಈ ಮನ್ಯಾಗ ಸಕ್ಕರಿ ಅನ್ನೂ ಹೆಸರs ಬ್ಯಾಡ" ಎಂದು ಸಾರಿದೆ.

ಮೊದಲ ಚಹಾ ತಾವೇ ಮಾಡಬೇಕೆಂದು ನಮ್ಮವರ ಹಟ. "ಬಟ್ಟಲಿಗೆ ಒಂದು ಎಲಿ ಸಾಕಂತ್ರೀ" ಎಂದೆ. "ಎಲಿ ಅದs ಇದು, ಏನಾಗ್ತದ?" ಎಂದು ಮುಷ್ಟಿ ತುಂಬ ಹಾಕಿ ಕುದಿಸಿ ಕುಡಿದರು. ನಾಲಿಗೆಗೆ ಬೆಲ್ಲದ ಪಾಕ ಬಳಿದಂತಾಯಿತಂತೆ. ತೊಳೆದರೂ ಹೋಗಲೊಲ್ಲದು, ಉಜ್ಜಿದರೂ ಹೋಗಲೊಲ್ಲದು.

ಬ್ಯಾಂಕಿನ ಎದುರಿಗೆ ನಮ್ಮ ಕರಾವಳಿಯವರದೊಂದು ಹೋಟೆಲು. ಖಾರದಿಂದಲಾದರೂ ಬಾಯಿ ಸರಿಹೋದೀತೆಂದು ನಮ್ಮವರು ಅಲ್ಲಿ ಮೊಳಕೆಕಾಳಿನ ಮಿಸಳ್ ತರಿಸಿದರು. ನಾಸಿಕದ ಮಿಸಳ್ ಅಂದರೆ ಕೆಂಪು ರಸ ನೋಡಿದರೇ ಕಣ್ಣಲ್ಲಿ ನೀರು ಬರಬೇಕು. ನಮ್ಮವರು ಎರಡು ಚಮಚ ತಿಂದು ಮಾಲೀಕರನ್ನು ಕರೆದರು.

"ಏನ್ರಿ ಇದು, ಮಿಸಳಿಗೆ ಬೆಲ್ಲಾ ಹಾಕೀರಿ?"

ಮಾಲೀಕರು ಗಾಬರಿಯಾಗಿ ಅದೇ ರಸವನ್ನು ಒಂದು ಬಟ್ಟಲಿಗೆ ಹಾಕಿಸಿಕೊಂಡು ಕುಡಿದರು. ಕೆಮ್ಮಿ, ಕಣ್ಣೊರೆಸಿಕೊಂಡು, ಎರಡು ಲೋಟ ನೀರು ಕುಡಿದು, ಉಸಿರು ಬಂದ ಮೇಲೆ ಕೇಳಿದರು:

"ಎಂಥದು ಮಾರಾಯ್ರೆ! ನಿಮ್ಮ ಬಾಯಲ್ಲಿ ಇರುವುದು ನಾಲಿಗೆಯಾ, ಸೌಟಾ?"

ಏಕಾದಶಿ

ಅಂದಿನಿಂದ ಅತ್ತೆಯವರು ಒಲೆಯ ಮುಂದೆ ಯಾರನ್ನೂ ಬಿಡಲಿಲ್ಲ. "ನಿಮಗ ಹದಾ ತಿಳ್ಯೂದಿಲ್ಲ. ಅವನ ಚಹಾ ನಾ ಮಾಡ್ತೀನಿ" ಎಂದರು. ಏನು ಹದವೋ, ಅವರ ಕೈಯ ಚಹಾ ಕುಡಿದು ನಮ್ಮವರು ಕಣ್ಣು ಮುಚ್ಚಿ, "ಆಹಾ! ಥೇಟ್ ಸಕ್ಕರಿ!" ಎಂದುಬಿಟ್ಟರು. ಮುಂದೆ ಅವರನ್ನು ಹಿಡಿಯುವವರಿಲ್ಲ. ಚೆಕ್ಕು ನಗದು ಮಾಡಿಸಲು ಬಂದವರಿಗೂ ಎಲೆಯ ಮಹಿಮೆ ಹೇಳಿಯೇ ಹಣ ಕೊಡುತ್ತಿದ್ದರು.

ಬಿಸಿಲು ಸಿಗಲೆಂದು ನಾನು ಕುಂಡವನ್ನು ವಾಡೆಯ ಅಂಗಳದ ತುಳಸಿಕಟ್ಟೆಯ ಪಕ್ಕ ಇಟ್ಟಿದ್ದೆ. ವಾಡೆಯಲ್ಲೇ ಇದ್ದ ಭಟಜಿ ಏಕಾದಶಿಯ ನಸುಕಿನಲ್ಲಿ, ಕನ್ನಡಕ ಇಲ್ಲದೆ ಬಂದು, ತುಳಸಿಯೆಂದು ನಮ್ಮ ಎಲೆಗಳನ್ನೇ ಕೊಯ್ದು ಪಕ್ಕದ ಗುಡಿಯಲ್ಲಿ ಗೋದಾವರಿ ನೀರಿನ ತೀರ್ಥಕ್ಕೆ ಹಾಕಿದರು. ಅಂದು ತೀರ್ಥ ತೆಗೆದುಕೊಂಡವರೆಲ್ಲ ಮತ್ತೆ ಸಾಲಿನ ಹಿಂದೆ ಹೋಗಿ ನಿಂತರು. ಕೆಲವರು ಮನೆಯಿಂದ ತಂಬಿಗೆ ತಂದರು. "ಗಂಗಾಮಾಯಿ ಗೋಡ್ ಝಾಲೀ!" ಎಂದು ಕೂಗೆದ್ದಿತು. ಅಲ್ಲಿಯವರು ಗಂಗೆಯೆಂದೇ ಕರೆಯುವ ಗೋದಾವರಿ ಸಿಹಿಯಾದಳಂತೆ!

ನಾನು ಓಡಿಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಆದರೆ ಎದುರುಮನೆಯ ಆಜಿಗೆ ಬಂದ ಚಿಂತೆ ಒಂದೇ: "ಉಪವಾಸಾಲಾ ಚಾಲತೇ ಕಾ?" ಉಪವಾಸಕ್ಕೆ ಇದು ನಡೆಯುತ್ತದೆಯೇ?

ಎಲ್ಲರೂ ಭಟಜಿಯ ಮುಖ ನೋಡಿದರು. ಅವರು ಗಡ್ಡ ಕೆರೆದುಕೊಂಡು ತೀರ್ಪು ಕೊಟ್ಟರು: "ಶಾಸ್ತ್ರದಲ್ಲಿ ಬಟಾಟೆಯ ಹೆಸರೂ ಇಲ್ಲ. ಅದನ್ನು ಉಪವಾಸಕ್ಕೆ ತಿನ್ನುವುದಿಲ್ಲವೇ ನೀವೆಲ್ಲ?"

ಡಾಕ್ಟರು

ತಪಾಸಣೆಯ ದಿನ ಬಂತು. ಸೂಜಿಯ ಮಾತಾಡಿದ್ದ ಆ ಡಾಕ್ಟರು ಈ ರೋಗಕ್ಕೆ ಹೆಸರಾದವರು, ಔರಂಗಾಬಾದಿನಲ್ಲಿ, ಈಗಿನ ಛತ್ರಪತಿ ಸಂಭಾಜಿನಗರದಲ್ಲಿ ಇದ್ದರು. ನಮ್ಮವರು ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡರು. ಅತ್ತೆಯವರು ಥರ್ಮಾಸಿನ ತುಂಬ ಎಲೆಯ ಚಹಾ ತುಂಬಿಕೊಂಡು ತಾವೂ ಹೊರಟರು. ಬಸ್ಸು ವೈಜಾಪುರ ದಾಟುವಷ್ಟರಲ್ಲಿ ಪಕ್ಕದ ಸೀಟಿನವರಿಗೆಲ್ಲ ಎಲೆಯ ಪುರಾಣ ಮುಗಿದಿತ್ತು.

ರಕ್ತ ಕೊಟ್ಟು ಕಾದೆವು. ಸಂಜೆ ಡಾಕ್ಟರು ವರದಿ ನೋಡಿ ಹುಬ್ಬು ಗಂಟಿಕ್ಕಿ, "ಇಳಿದಿಲ್ಲ. ಏರಿದೆ" ಎಂದರು.

ನನ್ನ ತಂದೆಯವರು ಗೋಡೆ ತಡವುತ್ತ ನಡೆಯುತ್ತಿದ್ದದ್ದು ಕಣ್ಣ ಮುಂದೆ ಬಂದು ನಿಂತಿತು. ನಮ್ಮವರು ಮಾತ್ರ ಒಪ್ಪಲಿಲ್ಲ. "ಶಕ್ಯವೇ ಇಲ್ಲ ಡಾಕ್ಟರ್! ಒಂದು ಹರಳು ಸಕ್ಕರೆ ಮುಟ್ಟಿಲ್ಲ. ಬರೀ ಎಲೆ. ಬೇಕಾದರೆ ನೀವೇ ಕುಡಿದು ನೋಡಿ!" ಎಂದು ಮರಾಠಿಯಲ್ಲಿ ವಾದಿಸುತ್ತ, ಥರ್ಮಾಸಿನ ಮುಚ್ಚಳಕ್ಕೆ ಚಹಾ ಸುರಿದು ಕೊಟ್ಟೇಬಿಟ್ಟರು.

ಡಾಕ್ಟರು ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು. ಕೈ ಮೇಲೆ ಚೆಲ್ಲಿದ್ದ ಚಹಾವನ್ನು ಎರಡು ಬೆರಳ ನಡುವೆ ತಿಕ್ಕಿ, ಬೆರಳು ಬಿಡಿಸಿ ನೋಡಿದರು. ಬೆರಳು ಅಂಟಿಕೊಂಡಿದ್ದವು. ಮೆಲ್ಲಗೆ ಕೇಳಿದರು: "ಚಹಾ ಕೋಣೀ ಕೇಲಾ?" ಚಹಾ ಮಾಡಿದವರು ಯಾರು?

ನಾವಿಬ್ಬರೂ ತಿರುಗಿ ಅತ್ತೆಯವರನ್ನು ನೋಡಿದೆವು.

"ಅವ್ವಾ, ಸಕ್ಕರಿ ಹಾಕ್ತಿದ್ದೆಯೇನು?" ಎಂದರು ನಮ್ಮವರು.

"ಹೂಂ, ಎರಡು ಚಮಚಾ," ಎಂದರು ಅತ್ತೆಯವರು, ಒಂದಿಷ್ಟೂ ಅಳುಕದೆ. "ಅದು ಔಷಧದ ಎಲಿ ಹೌದಲ್ಲೋ? ಸಣ್ಣಾಂವಿದ್ದಾಗಿಂದ ಸಕ್ಕರಿ ಇಲ್ಲದ ಒಂದರ ಔಷಧ ಕುಡದೀಯೇನು ನೀನು?"

ನನಗೆ ಸಿಟ್ಟು ಬಂತು, ಅಳು ಬಂತು. ಮರುಗಳಿಗೆಗೆ ಹಿಗ್ಗೂ ಬಂತು. ಎಲೆ ಕೈಕೊಟ್ಟಿರಲಿಲ್ಲ, ಅದಕ್ಕೆ ಇನ್ನೂ ಸರದಿಯೇ ಸಿಕ್ಕಿರಲಿಲ್ಲ! ಅತ್ತೆಯವರ ಮಾತನ್ನು ಮರಾಠಿಯಲ್ಲಿ ಹೇಳಿದೆ. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಇನ್ನೊಂದು ತಿಂಗಳು ಸೂಜಿ ಬೇಡ, ನೋಡೋಣ ಎಂದರು. ನನ್ನ ಕಡೆ ತಿರುಗಿ ಅಪ್ಪಣೆ ಕೊಟ್ಟರು: "ಪಾನ್ ಚಾಲೂ. ಆಯೀ ಬಂದ್!" ಎಲೆ ನಡೆಯಲಿ, ತಾಯಿಯನ್ನು ನಿಲ್ಲಿಸಿ.

"ಏನಂದ್ರು?" ಎಂದರು ಅತ್ತೆಯವರು.

ಹಿರಿಯರಿಗೆ ಹಾಗೆಯೇ ಹೇಳಲಾದೀತೇ? "ಇನ್ನ ಮ್ಯಾಲೆ ಅವರ ಚಹಾ ನಾನs ಮಾಡಬೇಕಂತ್ರಿ" ಎಂದೆ.

ಅತ್ತೆಯವರು ಸಮಾಧಾನದಿಂದ ನನ್ನ ಕೈ ಹಿಡಿದುಕೊಂಡರು. "ಆಗಲೇಳು, ನನಗೂ ವಯಸ್ಸಾತು. ಮನೀಗೆ ನಡಿ, ಸಕ್ಕರಿ ಎಲ್ಲೆ ಮುಚ್ಚಿಟ್ಟೇನಿ ತೋರಸ್ತೀನಿ."