ಅಲಾಸ್ಕಾದ ವೋಟಿಗೆ ಮುಸಫ್ಫಾದ ಸಾಕ್ಷಿ

ಅಮೆರಿಕದಲ್ಲಿ ಚುನಾವಣೆ ಬಂತೆಂದರೆ ಅಬುಧಾಬಿಯ ಮುಸಫ್ಫಾದಲ್ಲಿರುವ ನಮ್ಮ ಆಫೀಸಿನಲ್ಲಿ ಏನಾದರೊಂದು ಆಗದೆ ಹೋಗುವುದಿಲ್ಲ. ನಮ್ಮ ಮ್ಯಾನೇಜರ್ ಅಲಾಸ್ಕಾದವರು. ಇಲ್ಲಿಗೆ ಬಂದು ಇಷ್ಟು ವರ್ಷವಾದರೂ ಒಂದು ವೋಟು ತಪ್ಪಿಸಿದವರಲ್ಲ. ನಾನು ಬಂದ ಮೇಲೆ ಒಂದೂ ಹಾಕಿದವನಲ್ಲ. ನಾವು ಭಾರತೀಯರು ವೋಟು ಹಾಕಲು ಊರಿಗೇ ಹೋಗಬೇಕು. ರಜೆ ಕೊಡಬೇಕಾದವರು ಇದೇ ಮ್ಯಾನೇಜರ್.

ಸಾಕ್ಷಿ

ಒಂದು ದಿನ ಅವರು ನನ್ನನ್ನು ಕ್ಯಾಬಿನ್‌ಗೆ ಕರೆದರು. ಅವರ ರಾಜ್ಯದಲ್ಲಿ ಅಂಚೆಯಲ್ಲಿ ಕಳಿಸುವ ವೋಟಿಗೆ ಒಬ್ಬರ ಸಾಕ್ಷಿ ಸಹಿ ಬೇಕಂತೆ. ಅವರು ಅತ್ತ ತಿರುಗಿ ಮತಪತ್ರಕ್ಕೆ ಗುರುತು ಹಾಕಿ, ಲಕೋಟೆ ಅಂಟಿಸಿ, ನನ್ನೆದುರು ಅದರ ಮೇಲೆ ಸಹಿ ಮಾಡಿ ಕೊಟ್ಟರು. ನಾನು ಸಾಕ್ಷಿ ಸಹಿ ಹಾಕಿದೆ.

ಮನೆಗೆ ಬಂದು ಹೆಂಡತಿಗೆ ಹೆಮ್ಮೆಯಿಂದ ಹೇಳಿದೆ.

"ಯಾರಿಗೆ ಹಾಕಿದ್ರಂತೆ?"

"ಗೊತ್ತಿಲ್ಲ. ಅದು ಗುಟ್ಟು. ನಾನು ನೋಡ್ಲಿಲ್ಲ."

"ನೋಡದೆ ಸಾಕ್ಷಿ ಹಾಕಿದ್ರಾ? ಇನ್ನು ಊರಿನ ಜಾಗದ ಕಾಗದ ಬಂದರೆ ಮೊದಲು ನನಗೆ ಕೊಡಿ."

ಯಾವ ಪಕ್ಷ?

ಅಲ್ಲಿ ಹೆಸರು ನೋಂದಾಯಿಸುವಾಗಲೇ ಯಾವ ಪಕ್ಷದವರೆಂದು ಸರಕಾರಕ್ಕೆ ಬರೆದುಕೊಡಬಹುದು ಎಂದು ಮ್ಯಾನೇಜರ್ ಹೇಳಿದ್ದನ್ನು ಕೇಳಿ ನಮ್ಮ ಕಾಪುವಿನ ಸ್ಟೋರ್‌ಕೀಪರ್ ದಂಗಾದ.

"ನೀವು ಏನು ಬರೆದಿದ್ದೀರಿ ಸಾರ್?"

"ನಾನು ಯಾವ ಪಕ್ಷವನ್ನೂ ಘೋಷಿಸಿಲ್ಲ. ಅದಕ್ಕೂ ಅವಕಾಶವಿದೆ."

ಸ್ಟೋರ್‌ಕೀಪರ್ ಹೊರಗೆ ಬಂದು ನನ್ನ ಕಿವಿಯಲ್ಲಿ ಹೇಳಿದ: "ಬುದ್ಧಿವಂತ ಮಾರಾಯ್ರೆ. ಫಲಿತಾಂಶ ಬಂದ ಮೇಲೆ ಘೋಷಿಸ್ತಾರೆ."

ಮೂರನೇ ಆಯ್ಕೆ

ಅಲಾಸ್ಕಾದಲ್ಲಿ ಒಬ್ಬರಿಗೆ ಗುರುತು ಹಾಕಿದರೆ ಮುಗಿಯಲಿಲ್ಲ. ಮೊದಲ ಆಯ್ಕೆ, ಎರಡನೆಯದು, ಮೂರನೆಯದು ಎಂದು ಸಾಲಾಗಿ ಹೇಳಬಹುದು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬೀಳದಿದ್ದರೆ ಎಲ್ಲರಿಗಿಂತ ಕಡಿಮೆ ವೋಟು ಬಿದ್ದವರು ಹೊರಗೆ. ಅವರಿಗೆ ಹಾಕಿದವರ ವೋಟು ಎರಡನೇ ಆಯ್ಕೆಗೆ ಹೋಗುತ್ತದೆ. ಇದು ನಮ್ಮ ತಲೆಗೆ ಹತ್ತದಿರುವುದನ್ನು ಕಂಡು ಮ್ಯಾನೇಜರ್, ಆಫೀಸಿನ ಪಾರ್ಟಿಯ ಊಟವನ್ನೇ ಹಾಗೆ ಆರಿಸೋಣ ಎಂದರು.

ಹನ್ನೊಂದು ಜನ ಚೀಟಿ ಬರೆದೆವು. ಬಿರಿಯಾನಿಗೆ ನಾಲ್ಕು, ಪಿಜ್ಜಾಕ್ಕೆ ನಾಲ್ಕು, ಕರಾವಳಿಯ ನಮ್ಮ ಮೂವರಿಂದ ಊರಿನ ಕೋಳಿಸಾರು-ಒಣರೊಟ್ಟಿಗೆ, ಅಂದರೆ ಕೋರಿ ರೊಟ್ಟಿಗೆ, ಮೂರು.

"ಕೋರಿ ರೊಟ್ಟಿ ಹೊರಗೆ," ಎಂದರು ಮ್ಯಾನೇಜರ್. "ಈಗ ಈ ಮೂವರ ಎರಡನೇ ಆಯ್ಕೆಯೇ ನಿರ್ಣಾಯಕ."

ಬಿರಿಯಾನಿಯವರೂ ಪಿಜ್ಜಾದವರೂ ನಮ್ಮನ್ನು ಎಂದೂ ಇಲ್ಲದ ಪ್ರೀತಿಯಿಂದ ನೋಡಿದರು. ಮ್ಯಾನೇಜರ್ ಮೊದಲ ಚೀಟಿ ಬಿಡಿಸಿದರು. ಎರಡನೇ ಆಯ್ಕೆ: ಕೋರಿ ರೊಟ್ಟಿ. ಮೂರನೆಯದು: ಕೋರಿ ರೊಟ್ಟಿ. ಇನ್ನೆರಡು ಚೀಟಿಗಳಲ್ಲೂ ಅದೇ.

ಅವರು ಕನ್ನಡಕ ತೆಗೆದು ಕೇಳಿದರು: "ನಾನು ಇಷ್ಟು ಹೊತ್ತು ವಿವರಿಸಿದ್ದು ಅರ್ಥವಾಗಲಿಲ್ಲವೇ?"

"ಅರ್ಥ ಆಗಿದೆ ಸಾರ್," ಎಂದ ಸ್ಟೋರ್‌ಕೀಪರ್. "ಆದರೆ ನಾವು ಪಕ್ಷಾಂತರ ಮಾಡುವವರಲ್ಲ."